ಇಪ್ಪತ್ತು ವರ್ಷದ ಹಿಂದಿನ ಪೇಪರಿಗೆ ಚೆಕಿಂಗು

ನಮ್ಮ ಮಾವನವರು ದಿನಾ ಬೆಳಿಗ್ಗೆ ಪೇಪರ್ ಓದುತ್ತಾರೆ. ಅದರಲ್ಲೇನು ಮಹಾ, ಎಲ್ಲರ ಮಾವಂದಿರೂ ಓದುತ್ತಾರೆ ಅನ್ನಬೇಡಿ! ನಿಮ್ಮ ಮಾವನವರು ದಿನಕ್ಕೊಂದು ಪೇಪರ್ ಓದಬಹುದು. ನಮ್ಮವರು ಒಂದು ತಿಂಗಳಿಂದ ಓದುತ್ತಿರುವುದು ಒಂದೇ ಪೇಪರು. ಅದೂ ಒಂದೇ ದಿನದ್ದು. ಅದೂ ಇಪ್ಪತ್ತು ವರ್ಷದಷ್ಟು ಹಿಂದಿನದು!

“ಮಾವ, ಇವತ್ತಿನ ಪೇಪರ್ ಬಂದಿದೆ” ಅಂತ ಕಾಫಿಯ ಜೊತೆ ತಂದು ಎದುರಿಗಿಟ್ಟರೆ, ಅದನ್ನು ಪಕ್ಕಕ್ಕೆ ತಳ್ಳುತ್ತಾರೆ.

“ಇವತ್ತಿಂದು ಓದಿ ಏನ್ ಮಾಡೀಯವ್ವ? ನಿಜವೋ ಸುಳ್ಳೋ ಗೊತ್ತಾಗಕ್ಕೆ ಇಪ್ಪತ್ತು ವರ್ಸ ಬೇಕು. ಉಣಸೆಅಣ್ಣು ಹಳೇದಾದ್ರೇನೆ ಸಾರಿಗೆ ಚೆಂದ.”

ಆ ಪೇಪರಿನ ಮೊದಲ ಪುಟದಲ್ಲಿ ‘ಬೆಲೆ ಏರಿಕೆ ತಡೆಗೆ ಕಠಿಣ ಕ್ರಮ’ ಅಂತ ದಪ್ಪಕ್ಷರದಲ್ಲಿದೆ. ಅದರ ಕೆಳಗೆ ‘ರೈತರ ಹಿತಕ್ಕೆ ಸರ್ಕಾರ ಬದ್ಧ’. ಅದರ ಪಕ್ಕದಲ್ಲಿ ‘ತಪ್ಪಿತಸ್ಥರು ಯಾರೇ ಆಗಿರಲಿ ಬಿಡುವ ಮಾತೇ ಇಲ್ಲ’. ತಾರೀಖೊಂದನ್ನು ಬದಲಾಯಿಸಿದರೆ ನಾಳೆ ಬೆಳಿಗ್ಗೆಯೇ ಮನೆಮನೆಗೆ ಹಾಕಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ಪಾಪ, ಪತ್ರಿಕೆಯವರು ಪ್ರತಿದಿನ ರಾತ್ರಿ ನಿದ್ದೆಗೆಟ್ಟು ಹೊಸದಾಗಿ ಯಾಕೆ ಬರೆಯುತ್ತಾರೋ!

ಈ ಹುಚ್ಚು ಹತ್ತಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಮ್ಮ ಮಾವನವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನಮ್ಮೂರು ಬಾಬುರಾಯನಕೊಪ್ಪಲಿನ ಹುಡುಗರ ಸಂಘವೊಂದು ಈ ಸಲದ ರಾಜ್ಯೋತ್ಸವಕ್ಕೆ ಅವರನ್ನು ಸನ್ಮಾನಿಸಬೇಕು ಅಂತ ತೀರ್ಮಾನ ಮಾಡಿತು. ಯಾಕೆಂದರೆ ಆ ಹಳೇ ಪೇಪರಿನ ಜಿಲ್ಲಾ ಪುಟದಲ್ಲಿ ಮಾವನವರ ಸುದ್ದಿ ಬಂದಿದೆ, ಫೋಟೋ ಸಮೇತ! ‘ಕಂಡಕ್ಟರ್ ಸಮಯಪ್ರಜ್ಞೆ: ನಾಲೆಗೆ ಬೀಳಬೇಕಿದ್ದ ಬಸ್ ಪಾರು.’ ನಮ್ಮತ್ತೆಗೆ ಆ ಸುದ್ದಿ ಬಾಯಿಪಾಠ. ಯಾರೇ ಮನೆಗೆ ಬಂದರೂ ನೀರು ಕೊಡುವ ಮೊದಲು ಅದನ್ನು ಒಪ್ಪಿಸುತ್ತಾರೆ. “ಬ್ರೇಕ್ ಕೈಕೊಟ್ಟು, ಗಾಬರಿಗೊಂಡ ಚಾಲಕ ಕೈಚೆಲ್ಲಿದಾಗ, ಕಂಡಕ್ಟರ್ ಮುನ್ನುಗ್ಗಿ ಸ್ಟೇರಿಂಗ್ ತಿರುಗಿಸಿ ಬಸ್ಸನ್ನು ಗದ್ದೆಗೆ ಇಳಿಸಿ ಪ್ರಯಾಣಿಕರ ಜೀವ ಉಳಿಸಿದರು.” ‘ಮುನ್ನುಗ್ಗಿ’ ಅನ್ನುವಾಗ ಅತ್ತೆಯ ಕೈ ತಾನಾಗಿ ಮುಂದಕ್ಕೆ ಚಾಚುತ್ತದೆ. ಒಮ್ಮೆ ಹಾಗೆ ಚಾಚಿ ಬೀಗರ ಕೈಲಿದ್ದ ಕಾಫಿ ಲೋಟವನ್ನೇ ಉರುಳಿಸಿದ್ದರು.

ಸಂಘದ ಅಧ್ಯಕ್ಷ ಮನೆಗೆ ಬಂದು ಸನ್ಮಾನದ ವಿಷಯ ಹೇಳಿದಾಗ ಮಾವನವರು ಕುಳಿತಲ್ಲೇ ಕೈಯಾಡಿಸಿಬಿಟ್ಟರು.

“ಸನ್ಮಾನನೂ ಬ್ಯಾಡ, ಗಿನ್ಮಾನನೂ ಬ್ಯಾಡ. ಓಗ್ಲಾ.”

“ದೊಡ್ಡಪ್ಪ, ಬ್ಯಾಡ ಅನ್ನದೇ ದೊಡ್ಡತನ. ಫ್ಲೆಕ್ಸು ಆಗ್ಲೇ ಪ್ರಿಂಟಿಗೆ ಓಗಾಯ್ತು!”

“ಆ ಪೇಪರ್ನಾಗೆ ಬಂದಿರದು ಸುಳ್ಳು ಕಣ್ಲಾ.”

“ಪೇಪರ್ನೋರು ಯಾಕೆ ಸುಳ್ ಬರೀತಾರೆ ದೊಡ್ಡಪ್ಪ? ಅವ್ರಿಗೇನು ಬ್ಯಾರೆ ಕ್ಯಾಮೆ ಇಲ್ವಾ?”

“ಎಲ್ಲಾ ಸುದ್ದೀನೂ ಸುಳ್ಳೇ. ಒಂದೊಂದೂ ಚೆಕ್ ಮಾಡಿ ತೋರುಸ್ತೀನಿ. ಮಿಕ್ಕಿದ್ದೆಲ್ಲಾ ಸುಳ್ಳು ಅಂದ್ಮ್ಯಾಲೆ ನಂದೂ ಸುಳ್ಳೇ ತಾನೆ? ಆಗ ಬುಟ್‌ಬುಡ್ತೀರಾ ನನ್ನ?”

ಅಧ್ಯಕ್ಷ ನಕ್ಕ. ಅತ್ತೆ ನಕ್ಕರು. ನಾನೂ ನಕ್ಕೆ. ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ ತಪ್ಪಿಸಿಕೊಳ್ಳಲು ಇಡೀ ಪೇಪರಿನ ಮಾನ ಕಳೆಯಲು ಹೊರಟ ವಿನಯವಂತರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ನಮ್ಮ ಕಡೆ ಜನ ಸನ್ಮಾನಕ್ಕಾಗಿ ತಾವೇ ಶಾಲು ಕೊಂಡುಕೊಟ್ಟು ಹೊದಿಸಿಕೊಳ್ಳುವ ಕಾಲ ಇದು!

ಆದರೆ ನಗು ನನ್ನ ಪಾಲಿಗೆ ಅಲ್ಲಿಗೇ ಮುಗಿಯಿತು. ನಾನು ಈ ಮನೆಯ ಸೊಸೆ, ಹತ್ತಿರದ ಊರಿನ ಶಾಲೆಯಲ್ಲಿ ಮೇಡಮ್ಮು. ನನಗೆ ದಸರಾ ರಜೆ ಇತ್ತು. ಸ್ಕೂಟರ್ ಓಡಿಸಲು ಬರುತ್ತಿತ್ತು. ಈ ಎರಡು ತಪ್ಪಿಗೆ ನಾನು ‘ಡ್ರೈವರ್’ ಆಗಿ ನೇಮಕಗೊಂಡೆ. ನನ್ನ ಗಂಡ “ಅಪ್ಪ ಮಗಳ ನಡುವೆ ನಾನ್ಯಾಕೆ” ಅಂತ ಜಾರಿಕೊಂಡರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಾನು ಮಗಳಾದದ್ದು ಆವತ್ತೇ ಗೊತ್ತಾಯಿತು.

ಕಂಡಕ್ಟರನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಓಡಿಸಿದ್ದೀರಾ? ಇಲ್ಲ ತಾನೆ? ಪುಣ್ಯವಂತರು! ಹತ್ತಿ ಕುಳಿತ ತಕ್ಷಣ ನನ್ನ ಹೆಲ್ಮೆಟ್ಟಿನ ಮೇಲೆ ಎರಡು ಸಲ ಟಕ್ ಟಕ್. “ರೈಟ್, ರೈಟ್!” ನಿಲ್ಲಿಸಬೇಕಾದರೆ ಒಂದು ಟಕ್. “ಓಲ್ಡಾನ್!” ಕಿರಂಗೂರು ಬಂದಾಗ “ಕಿರಂಗೂರು ಯಾರ್ರೀ ಇಳಿಯೋರು?” ಅಂತ ಕೂಗಿಯೂ ಬಿಟ್ಟರು. ಯಾರು ಇಳಿಯಬೇಕು? ನಾನಾ? ಪಕ್ಕದಲ್ಲಿ ಹೋಗುತ್ತಿದ್ದ ಟ್ರಾಕ್ಟರಿನವನು ಗಾಬರಿಯಾಗಿ ಬ್ರೇಕ್ ಹಾಕಿದ.

ಅವರ ಕಿಸೆಯಲ್ಲಿ ಹಳೇ ಕಾಲದ ಟಿಕೆಟ್ ಪಂಚು ಇತ್ತು. ಈಗಿನ ಮೆಷಿನ್ನು ಬರುವ ಮೊದಲು ಕಾಗದದ ಟಿಕೆಟ್ಟಿಗೆ ತೂತು ಹೊಡೆಯುತ್ತಿದ್ದರಲ್ಲ, ಅದು. ಸುದ್ದಿ ನಿಜವಾದರೆ ಅದರ ತಲೆಬರಹಕ್ಕೊಂದು ತೂತು. ಸುಳ್ಳಾದರೆ ಅದು ಟಿಕೆಟ್ ಇಲ್ಲದ ಗಿರಾಕಿ. ಜಿಲ್ಲಾ ಪುಟದಲ್ಲಿ ಒಟ್ಟು ಹತ್ತು ಸುದ್ದಿ. ಹತ್ತೂ ಗಿರಾಕಿಗಳನ್ನು ಬಸ್ಸಿನಿಂದ ಇಳಿಸಿಯೇ ತೀರುತ್ತೇನೆ ಅಂತ ಹೊರಟಿದ್ದರು.

ಮೊದಲ ಚೆಕಿಂಗು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಿಂಧಘಟ್ಟ ದಾಟಿದ ಮೇಲಿನ ಒಂದು ಸಣ್ಣ ಊರು. ಸುದ್ದಿ: ‘ಸುಸಜ್ಜಿತ ಪ್ರಯಾಣಿಕರ ತಂಗುದಾಣ ಲೋಕಾರ್ಪಣೆ.’

“ಇರದೇ ಇಲ್ಲ ನೋಡ್ಕ. ಟೇಪ್ ಕತ್ತರಿಸಿ ಫೋಟೋ ತಗ್ಸ್ಕಂಡು ಓಗಿರ್ತಾರೆ” ಅಂತ ದಾರಿಯುದ್ದಕ್ಕೂ ಹುಮ್ಮಸ್ಸಿನಲ್ಲಿ ಹೇಳಿದರು. ಹೋಗಿ ನೋಡಿದರೆ ತಂಗುದಾಣ ಕಲ್ಲುಗುಂಡಿನಂತೆ ನಿಂತಿದೆ! ಒಳಗೆ ಅರ್ಧದಷ್ಟು ರಾಗಿ ಹುಲ್ಲು, ಇನ್ನರ್ಧದಲ್ಲಿ ಎರಡು ಎಮ್ಮೆ. ಎಮ್ಮೆಗಳ ತಲೆಯ ಮೇಲೆ ಲೋಕಾರ್ಪಣೆ ಮಾಡಿದವರ ಹೆಸರಿನ ಕಲ್ಲು. ಪಕ್ಕದಲ್ಲೇ ಎಮ್ಮೆಯ ಯಜಮಾನ ಬೀಡಿ ಸೇದುತ್ತಾ ಕುಳಿತಿದ್ದ.

“ಇಲ್ಲಿಗೆ ಬಸ್ಸು ಬತ್ತದಾ?” ಅಂತ ಮಾವನವರು ಆಸೆಯಿಂದ ಕೇಳಿದರು.

“ಇಲ್ಲ ಕಣಣ್ಣ. ಬಸ್ಸು ಅತ್ಲಾಗಿನ ರೋಡ್ನಾಗೆ ಓಯ್ತದೆ.”

“ಅಂಗಾರೆ ಈ ತಂಗುದಾಣ ದಂಡ!”

“ದಂಡ ಯಾಕಣ್ಣ? ಇಪ್ಪತ್ತು ವರ್ಸದಲ್ಲಿ ಒಂದು ತೊಟ್ಟು ಸೋರಿಲ್ಲ. ನಮ್ಮನೆ ಮೂರು ಸತಿ ಸೋರ್ತು. ಸರ್ಕಾರದೋರು ಒಳ್ಳೆ ಕೊಟ್ಟಿಗೆ ಕಟ್ಟವ್ರೆ.”

ಮಾವನವರು ಬಹಳ ಹೊತ್ತು ಎಮ್ಮೆಗಳನ್ನೂ ಪೇಪರನ್ನೂ ನೋಡಿದರು. ‘ಪ್ರಯಾಣಿಕರು’ ಅನ್ನುವುದು ಸುಳ್ಳು, ಆದರೆ ‘ಸುಸಜ್ಜಿತ’ ಅನ್ನುವುದು ನಿಜವಾಗಿಬಿಟ್ಟಿತ್ತಲ್ಲ! ಕಂಡಕ್ಟರ್ ನಿಯತ್ತು, ಟಿಕೆಟ್ ಇದ್ದವನನ್ನು ಇಳಿಸುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಒಂದು ತೂತು ಹೊಡೆದರು.

ಎರಡನೆಯದು ಪಾಂಡವಪುರದ ಕಡೆಯದು. ‘ಚಿರತೆ ಭೀತಿ: ಶೀಘ್ರವೇ ಸೆರೆ, ಬೋನು ಇಟ್ಟ ಅಧಿಕಾರಿಗಳು.’ ಗುಡ್ಡದ ಪಕ್ಕದ ಒಂದು ತೋಟದ ಮನೆಯ ಹಿತ್ತಲಲ್ಲಿ ಆ ಬೋನು ಇವತ್ತಿಗೂ ಇದೆ. ಒಳಗೆ ಆರು ಮೇಕೆ ಮರಿ. ಆ ಮನೆಯ ಹೆಂಗಸು ವಿವರಿಸಿದಳು: ಚಿರತೆ ಬೋನಿನತ್ತ ತಿರುಗಿಯೂ ನೋಡಲಿಲ್ಲವಂತೆ. ಮೂರು ದಿನ ಕಳೆದ ಮೇಲೆ ಅವರ ಮನೆಯ ನಾಯಿಯೇ ಒಳಗೆ ಸಿಕ್ಕಿಬಿತ್ತಂತೆ. ಬೋನನ್ನು ಹಿಂದಕ್ಕೆ ಒಯ್ಯಲು ಯಾರೂ ಬರಲಿಲ್ಲವಂತೆ.

“ಈಗ ಮೇಕೆ ಮರೀನ ಒಳಗಾಕಿ ಬಾಗಲು ಆಕ್ಬುಡ್ತೀನಿ. ಚಿರತೆ ಬಂದ್ರೆ ಆಚೆ ನಿಂತ್ಕಂಡು ನೋಡ್ಕಂಡು ಓಗ್ಲಿ!”

ಒಳಗಿರಬೇಕಾದ್ದು ಹೊರಗೆ, ಹೊರಗಿರಬೇಕಾದ್ದು ಒಳಗೆ. ನಾನು ನಗು ತಡೆಯಲಾರದೆ ಬೇಲಿ ಹಿಡಿದು ನಿಂತೆ. “ಸೆರೆ ಸುಳ್ಳು!” ಅಂತ ಮಾವನವರು ಗೆದ್ದವರ ಹಾಗೆ ಕೂಗಿದರು. ಒಂದು ಗಿರಾಕಿ ಕೆಳಗಿಳಿಯಿತು. ಆ ಖುಷಿಗೆ ವಾಪಸು ಬರುವಾಗ ನನಗೆ ಕಬ್ಬಿನ ಹಾಲು ಕುಡಿಸಿದರು.

ಖುಷಿ ಮಾರನೇ ದಿನಕ್ಕೇ ಇಳಿಯಿತು. ಮೂರನೇ ಸುದ್ದಿ ನನ್ನ ಶಾಲೆಯದೇ! ‘ವನಮಹೋತ್ಸವ: ನೂರು ಸಸಿ ನೆಟ್ಟ ಮಕ್ಕಳು.’ ನಮ್ಮ ಶಾಲೆಯ ಅಂಗಳ ನನಗೆ ಗೊತ್ತಿಲ್ಲವೇ? ನೂರು ಸಸಿ ನೆಟ್ಟರೆ ಮಕ್ಕಳು ನಿಲ್ಲಲು ಜಾಗವಿರುವುದಿಲ್ಲ. ಮಾವನವರು ಬೀಗುತ್ತಾ ಒಳಗೆ ಬಂದವರು ಬಾವಿಯ ಪಕ್ಕದ ಹೊಂಗೆ ಮರದ ಕೆಳಗೆ ತಟ್ಟನೆ ನಿಂತರು. ಶಾಲೆಯ ಪಕ್ಕದಲ್ಲೇ ಮನೆಯಿರುವ ಬಿಸಿಯೂಟದ ಅಡುಗೆಯ ಅಮ್ಮ ಬಂದು, “ಆ ಫೋಟೋದಾಗೆ ನೆಟ್ಟಿದ್ದು ಇದೊಂದೇ ಉಳ್ಕಂಡಿರದು” ಅಂದರು.

“ತೊಂಬತ್ತೊಂಬತ್ತು ಸುಳ್ಳು, ಒಂದು ನಿಜ. ಬಹುಮತದಿಂದ ಸುಳ್ಳು ಅಂತ ಬರೆದುಕೊಳ್ಳಿ ಮಾವ” ಅಂತ ನಾನು ದಾರಿ ತೋರಿಸಿದೆ.

ಅವರು ಮೇಲೆ ನೋಡಿದರು. ನೆರಳು ಅರ್ಧ ಅಂಗಳ ತುಂಬಿತ್ತು. “ಇಷ್ಟು ದೊಡ್ಡ ಮರ ನಿಂತಿರವಾಗ ಎಂಗವ್ವ ಸುಳ್ಳು ಅನ್ನದು?” ಅಂತ ಗೊಣಗುತ್ತಾ ತೂತು ಹೊಡೆದರು.

ಜಿಲ್ಲಾ ಪುಟ ಕೈಕೊಡುತ್ತಿದೆ ಅಂತ ಗೊತ್ತಾದಾಗ ರಾಶಿಫಲಕ್ಕೆ ಕೈ ಹಾಕಿದರು. ಅತ್ತೆಯ ರಾಶಿಗೆ ಆ ದಿನ ‘ಬಂಧುಗಳ ಆಗಮನದಿಂದ ಸಂತೋಷ’ ಅಂತ ಇತ್ತು.

“ಅವತ್ತು ಯಾರ್ ಬಂದಿದ್ರೇ?”

“ನಿಮ್ಮಕ್ಕ ಬಂದು ಅದಿನೈದು ದಿವ್ಸ ಇದ್ರು” ಅಂದರು ಅತ್ತೆ, ಒಗ್ಗರಣೆ ಸೌಟು ಎತ್ತಿ ಹಿಡಿದು.

“ಸುಳ್ಳು!” ಅಂತ ಮಾವನವರು ಬರೆದುಕೊಂಡರು. ಹೆಚ್ಚಿನ ವಿಚಾರಣೆ ಬೇಕಾಗಲಿಲ್ಲ.

ಹೀಗೆ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ರಾಜಿಯಾದರು ಅಂತ ಸುದ್ದಿಯಾಗಿದ್ದ ಅಣ್ಣತಮ್ಮಂದಿರು ಇವತ್ತಿಗೂ ಒಂದೇ ಮನೆಯಲ್ಲಿದ್ದು ನಮಗೆ ಕಜ್ಜಾಯ ಕೊಟ್ಟು ಕಳಿಸಿದರು (ನಿಜ, ತೂತು, ಕಜ್ಜಾಯ ಚೆನ್ನಾಗಿತ್ತು). ಅರಕೆರೆ ಬದಿಯ ಒಬ್ಬ ರೈತ ಒಂದೇ ಗುಳಿಯಲ್ಲಿ ನಲವತ್ತು ಕಬ್ಬು ಬೆಳೆದಿದ್ದೆ ಅನ್ನುವುದನ್ನು ನಾಲ್ಕು ಜನ ಸಾಕ್ಷಿಗಳ ಎದುರು ಒಪ್ಪಿಸಿದ (ನಿಜ, ತೂತು). ರಾಜ್ಯೋತ್ಸವಕ್ಕೆ ನಾಲ್ಕು ದಿನ ಇರುವಾಗ ಲೆಕ್ಕ ಹಾಕಿದರೆ, ಜಿಲ್ಲಾ ಪುಟದ ಒಂಬತ್ತರಲ್ಲಿ ಆರು ನಿಜ, ಮೂರು ಸುಳ್ಳು! ಸಂಘದ ಅಧ್ಯಕ್ಷ ಆ ತೂತುಬಿದ್ದ ಪೇಪರನ್ನು ಬೆಳಕಿಗೆ ಹಿಡಿದು ನೋಡಿ ಕೈಮುಗಿದ.

“ದೊಡ್ಡಪ್ಪ, ಪಾಪ, ಪೇಪರ್ನೋರು ಸುಮಾರಾಗಿ ನಿಜಾನೇ ಬರ್ದವ್ರೆ. ಇನ್ನು ನಿಮ್ದು ಸುಳ್ಳಾಯ್ತದಾ? ಫ್ಲೆಕ್ಸು ನಾಳಿಕ್ಕೆ ಕಟ್ಟುಸ್ತೀನಿ.”

ಅವನು ಹೋದ ಮೇಲೆ ಮಾವನವರು ಜಗಲಿಯ ಮೇಲೆ ಕುಳಿತರು. ಕಾಫಿ ಆರಿತು. ನನಗೂ ತಡೆಯಲಾಗಲಿಲ್ಲ.

“ಮಾವ, ಪುಟದಲ್ಲಿರೋದು ಹತ್ತು ಸುದ್ದಿ. ನೀವು ಚೆಕ್ ಮಾಡಿದ್ದು ಒಂಬತ್ತು. ನಿಮ್ಮದೊಂದನ್ನು ಯಾಕೆ ಬಿಟ್ಟಿರಿ?”

ತಮಾಷೆಗೆ ಕೇಳಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ಆ ಕ್ಷಣಕ್ಕೆ ನನಗೆ ಏನೋ ಹೊಳೆದಂತಾಗಿ, ಯಾಕಾದರೂ ಕೇಳಿದೆನೋ ಅನ್ನಿಸಿತು. ಇದು ವಿನಯವಲ್ಲ, ಭಯ.

ಮಾರನೇ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. “ಗಾಡಿ ತಗಿಯವ್ವ. ನಾಗಮಂಗಲದ ತಾವ ಓಗ್ಬೇಕು.”

ಯಾರ ಮನೆಗೆ ಅಂತ ಕೇಳಿದರೆ, “ಅವತ್ತಿನ ಬಸ್ಸಿನ ಡ್ರೈವರ್ ಮನೆಗೆ” ಅಂದರು. ಪಾಂಡವಪುರ ದಾಟಿತು, ನಾಗಮಂಗಲವೂ ಬಂತು. ಹಿಂದಿನ ಸೀಟಿನಿಂದ ಒಂದು ಮಾತಿಲ್ಲ. ಊರ ಹೆಸರು ಕೂಗಿ ನನ್ನ ಪ್ರಾಣ ತಿನ್ನುವವರು ಸುಮ್ಮನೆ ಕುಳಿತದ್ದರಿಂದ ನನಗೆ ಒಂದು ಬಗೆಯ ಸಂಕಟವಾಯಿತು.

ನಾಗಮಂಗಲದಿಂದ ಆಚೆಗೆ ಆ ಡ್ರೈವರ್ ಇರುವ ಹಳ್ಳಿ. ಊರಬಾಗಿಲಿನ ಪೆಟ್ಟಿಗೆ ಅಂಗಡಿಯಲ್ಲಿ ನಾನು ವಿಳಾಸ ಕೇಳಿದೆ. ಅಂಗಡಿಯಾಕೆ ಎಲೆ ಅಡಿಕೆ ಜಗಿಯುತ್ತಾ ನಕ್ಕಳು.

“ಓ, ಗಾಬ್ರಿ ಡ್ರೈವರ್ ಮನೆಯಾ? ಅಂಗೇ ಸೀದಾ ಓಗಿ, ಸೀಬೆ ಮರದ ಮನೆ.”

ಮಾವನವರು ಸ್ಕೂಟರಿನಿಂದ ಇಳಿದುಬಿಟ್ಟರು. ಉಳಿದ ದಾರಿಯನ್ನು ನಡೆದೇ ಬಂದರು.

ಡ್ರೈವರ್ ಸೀಬೆ ಮರದ ಕೆಳಗೆ ಹೆಂಡತಿಯ ಜೊತೆ ಕುಳಿತು ಕಡ್ಲೆಕಾಯಿ ಬಿಡಿಸುತ್ತಿದ್ದರು. ಬಲಗೈ ಮೊಣಕೈಯಲ್ಲಿ ಮಡಿಚಿಕೊಂಡೇ ಇತ್ತು, ನೆಟ್ಟಗಾಗುವುದಿಲ್ಲ. ಮಾವನವರನ್ನು ಕಂಡದ್ದೇ ಮುಖವೆಲ್ಲ ನಗುವಾಯಿತು.

“ಓಹೋಹೋ! ಕಂಡಕ್ಟರ್ ಸಾಹೇಬ್ರು! ಬಾರ್ಲಾ, ಬಾ. ಬದುಕಿದ್ದೀಯೇನ್ಲಾ ಇನ್ನೂ? ಕೂತ್ಕ.”

“ಕೂತ್ಕಳಲ್ಲ ಕಣ್ಲಾ. ಯೋಳದು ಯೋಳ್ಬುಟ್ಟು ಕೂತ್ಕತೀನಿ.” ಮಾವನವರು ಪೇಪರನ್ನು ಬಿಚ್ಚಿದರು. “ಅವತ್ತು ಬಸ್ಸು ನಿಲ್ಸಿದ್ದು ನೀನು.”

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅದುನ್ನ ನಂಗೆ ಯೋಳಕ್ಕೆ ಅಷ್ಟು ದೂರದಿಂದ ಬಂದಾ? ಸ್ಟೇರಿಂಗ್ ಇಡ್ಕಂಡಿದ್ದೋನು ನಾನು. ನಂಗೆ ಗೊತ್ತಿಲ್ವೇನ್ಲಾ?”

ನನಗೂ ನಗು ಬಂತು. ಮಾವನವರು ಮಾತ್ರ ನಗಲಿಲ್ಲ. ಡ್ರೈವರನ್ನು ಬಿಟ್ಟು ಅವರ ಹೆಂಡತಿಯ ಕಡೆ ತಿರುಗಿದರು.

“ತಾಯಿ, ನಾನು ಬಂದಿರದು ನಿಂಗೆ ಯೋಳಕ್ಕೆ. ಬ್ರೇಕ್ ಕೈಕೊಟ್ಟಾಗ ನಾನು ಹಿಂದ್ಗಡೆ ಸೀಟಿನ ತಾವ ಇದ್ದೆ. ಒಬ್ಬಮ್ಮ ಕುಕ್ಕೇಲಿ ಕೋಳಿ ಇಕ್ಕಂಡಿದ್ಲು. ಕೋಳಿಗೂ ಟಿಕೆಟ್ ತಗಾ ಅಂತ ಜಗಳಕ್ಕೆ ನಿಂತಿದ್ದೆ. ಬಸ್ಸು ಗದ್ದೆಗೆ ಇಳಿದ್ಮ್ಯಾಲೇ ನಂಗೆ ಗೊತ್ತಾಗಿದ್ದು. ಇವ್ನು ಸ್ಟೇರಿಂಗ್ ಬುಡ್ನಿಲ್ಲ. ಅದಕ್ಕೇ ಕೈ ಮುರೀತು. ಇವ್ನ ಆಸ್ಪತ್ರೆಗೆ ಎತ್ಕಂಡೋದ್ರು. ಆಮ್ಯಾಕೆ ಪೇಪರ್ನೋನು ಬಂದ. ಯಾರ್ರೀ ಬಸ್ ನಿಲ್ಸಿದ್ದು ಅಂದ. ಜನ ಎಲ್ಲಾ ನನ್ ಮಕಾನೇ ನೋಡ್ತಾವ್ರೆ. ನಾನೇ ಅಂದ್ಬುಟ್ಟೆ.” ಪೇಪರನ್ನು ಮಡಿಚಿದರು. “ಮತ್ತೆ ಡ್ರೈವರ್ರು ಅಂದ. ಗಾಬ್ರಿಯಾದ ಅಂದೆ.”

ಕಡ್ಲೆಕಾಯಿ ಬಿಡಿಸುತ್ತಿದ್ದ ಆಕೆಯ ಕೈ ನಿಂತಿತು. ಆಕೆ ಮಾವನವರನ್ನು ನೋಡಲಿಲ್ಲ. ಗಂಡನನ್ನು ನೋಡಿದರು.

“ಊರೋರಿಗೆ ಬ್ಯಾಡ. ನಂಗೊಬ್ಳಿಗಾದ್ರೂ ಯೋಳ್ಬಾರ್ದಾಗಿತ್ತಾ?”

“ಯೋಳಿದ್ನಲ್ಲೇ. ಆಸ್ಪತ್ರೆನಾಗೇ ಯೋಳ್ದೆ” ಅಂದರು ಡ್ರೈವರ್, ಇನ್ನೊಂದು ಕಾಯಿಯನ್ನು ಎಡಗೈಯಲ್ಲಿ ಒಡೆಯುತ್ತಾ. “ಪೇಪರ್ನಾಗೇ ಬಂದದೆ, ಸುಮ್ಕಿರಿ ಅಂದೆ ನೀನು.”

ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡು, ಗಂಡನ ಆ ಮಡಿಚಿದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಡ್ರೈವರ್‌ಗೆ ನಾಚಿಕೆಯಾಗಿ “ಬುಡೇ, ಜನ ಅವ್ರೆ” ಅಂದರು. ಆಕೆ ಬಿಡಲಿಲ್ಲ. ಮಾವನವರು ನೆಲದ ಮೇಲೆ, ಸಿಪ್ಪೆಯ ರಾಶಿಯ ಪಕ್ಕದಲ್ಲೇ ಕುಸಿದು ಕುಳಿತು ಮಗುವಿನ ಹಾಗೆ ಅತ್ತುಬಿಟ್ಟರು. ನನಗೂ ಅಳು ಬಂತು. ಒಂದು ತಿಂಗಳಿಂದ ಇವರನ್ನು ಆಡಿಕೊಂಡು ನಕ್ಕಿದ್ದೆನಲ್ಲ ಅಂತ ನಾಚಿಕೆಯೂ ಆಯಿತು.

ಕೊನೆಗೆ ಮಾತಾಡಿದವರು ಆಕೆಯೇ. ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ್ದೇ.

“ಇವತ್ತು ಬಂದು ಬಾಯಲ್ಲಿ ಯೋಳ್ಬುಟ್ಟು ಒಂಟೋದ್ರೆ ಊರೋರು ನಂಬ್ತಾರಾ ಅಣ್ಣ? ಕಟ್ಕಂಡ ನಾನೇ ನಂಬ್ನಿಲ್ಲ. ಅಚ್ಚಾಕ್ಸಿ ಕೆಡಿಸಿದ್ದುನ್ನ ಅಚ್ಚಾಕ್ಸೇ ಸರಿ ಮಾಡ್ಬೇಕು.”

ಮಾವನವರು ಮುಖ ಒರೆಸಿಕೊಂಡು ನನ್ನ ಕಡೆ ಕೈ ತೋರಿಸಿದರು. “ನನ್ ಸೊಸೆ ಬರೀತಾಳೆ ತಾಯಿ. ಪೇಪರ್ನೋರು ಆಕ್ತಾರೆ.” ನಾನು ಆಗೊಮ್ಮೆ ಈಗೊಮ್ಮೆ ಬರೆದು ಕಳಿಸುವುದು ಅವರಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಡ್ರೈವರ್ ಮಾತ್ರ, “ಎಸ್ರು ಗಿಸ್ರು ಬ್ಯಾಡ ಕಣವ್ವ, ನಮ್ಮೂರೋರಿಗೆ ಓದಿದ್ರೆ ಗೊತ್ತಾಯ್ತದೆ” ಅಂದರು.

ಫ್ಲೆಕ್ಸನ್ನು ಕಟ್ಟಲಿಲ್ಲ. ಅಧ್ಯಕ್ಷ ಎರಡು ದಿನ ಮುಖ ಊದಿಸಿಕೊಂಡು, ಆಮೇಲೆ ಊರಿನ ಸೂಲಗಿತ್ತಿ ಅಜ್ಜಿಗೆ ಆ ಶಾಲು ಹೊದಿಸಿದ. ಅತ್ತೆ ನಾಲ್ಕು ದಿನ ಮಾವನವರ ಜೊತೆ ಮಾತು ಬಿಟ್ಟರು. ಐದನೇ ದಿನ ನನ್ನ ಹತ್ತಿರ ಬಂದು, “ನಾಗಮಂಗಲಕ್ಕೆ ನನ್ನೂ ಒಂದ್ಸಲ ಕರ್ಕಂಡೋಗು. ಆವಮ್ಮನ ಕೈ ಇಡ್ಕಂಡು ಬರ್ಬೇಕು” ಅಂದರು.

ಆದ್ದರಿಂದ ಓದುಗರೆ, ಇಲ್ಲಿಯವರೆಗೆ ನಾನು ತಮಾಷೆಗೆ ಹೇಳಿದ್ದನ್ನೆಲ್ಲ ನೀವು ಮರೆತರೂ ನನಗೆ ಬೇಸರವಿಲ್ಲ. ಇಷ್ಟನ್ನು ಮಾತ್ರ ದಯವಿಟ್ಟು ನಂಬಿ, ಅಚ್ಚಾಗಿದೆ. ಆವತ್ತು ಬ್ರೇಕ್ ಕೈಕೊಟ್ಟ ಬಸ್ಸನ್ನು ಗದ್ದೆಗೆ ಇಳಿಸಿ ಅಷ್ಟೂ ಜನರ ಜೀವ ಉಳಿಸಿದವರು ಡ್ರೈವರು. ಅವರು ಗಾಬರಿಯಾಗಿರಲಿಲ್ಲ. ನಮ್ಮ ಮಾವ ಆಗ ಹಿಂದಿನ ಸೀಟಿನ ಹತ್ತಿರ ಕೋಳಿಗೆ ಟಿಕೆಟ್ ಕೊಡುತ್ತಿದ್ದರು.